ಹಗೆಯವನ ಹೆಗಲಿನ ಅಳತೆ

ನಮ್ಮೂರಲ್ಲಿ ಕೋವಿ ಬೇಕಾದವನು ಅಂಗಡಿಗೆ ಒಬ್ಬನೇ ಹೋಗುವ ಹಾಗಿರಲಿಲ್ಲ. ಯಾರ ಮೇಲೆ ಸಿಟ್ಟೋ ಅವನನ್ನೂ ಕರೆದುಕೊಂಡೇ ಹೋಗಬೇಕಿತ್ತು.

ನಗಬೇಡಿ. ಊರು ಅಂದಮೇಲೆ ಒಂದು ಕಟ್ಟಳೆ ಇದ್ದೇ ಇರುತ್ತೆ. ಕೆಲವು ಊರಲ್ಲಿ ಮಂಗಳವಾರ ಉಗುರು ತೆಗೆಯಬಾರದು. ಕೆಲವು ಊರಲ್ಲಿ ಅಳಿಯ ಬಂದರೆ ಅತ್ತೆ ಒಳಗೆ ಓಡಬೇಕು. ನಮ್ಮೂರಿನ ಕಟ್ಟಳೆ ಇದು: ಕೋವಿಯ ಹಿಡಿಯನ್ನು, ಅಂದರೆ ಹೆಗಲಿಗೆ ಒತ್ತಿ ಹಿಡಿಯುತ್ತಾರಲ್ಲ ಆ ಮರದ ಭಾಗವನ್ನು, ಕೊಳ್ಳುವವನ ಹೆಗಲಿಗೆ ಅಳೆಯುವಂತಿಲ್ಲ. ಹಗೆಯವನ ಹೆಗಲಿಗೆ ಅಳೆಯಬೇಕು. ಯಾರು ಮಾಡಿದ ಕಟ್ಟಳೆ, ಯಾಕೆ ಮಾಡಿದರು ಅಂತ ಕೇಳಿದರೆ ದೊಡ್ಡವರು ಕೆಮ್ಮುತ್ತಿದ್ದರು. ಗೊತ್ತಿಲ್ಲ ಅನ್ನುವುದಕ್ಕೆ ನಮ್ಮ ದೊಡ್ಡವರಲ್ಲಿ ಕೆಮ್ಮೇ ಮಾತು.

ಅಂಗಡಿ ಹೊಳೆಬೀದಿಯ ಕೊನೆಯಲ್ಲಿತ್ತು. ಕೋವಿ ಅಜ್ಜನ ಅಂಗಡಿ. ಬಾಗಿಲು ತಗ್ಗು. ಎಂಥಾ ಸಿಟ್ಟಿನವನೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಮರೆತವನ ಹಣೆಗೆ ಬಾಗಿಲೇ ನೆನಪು ಮಾಡಿಕೊಡುತ್ತಿತ್ತು. ಒಳಗೆ ಎಣ್ಣೆಯ ವಾಸನೆ, ಮರದ ಹೊಟ್ಟಿನ ವಾಸನೆ, ಮದ್ದಿನ ವಾಸನೆ. ಗೋಡೆಯಲ್ಲಿ ಜಿಂಕೆಯ ಕೊಂಬು, ಕೊಂಬಿಗೆ ಅಜ್ಜನ ಟೋಪಿ. ಗುಂಡು ತೂಗುವ ಹಿತ್ತಾಳೆ ತಕ್ಕಡಿ. ಗೋಡೆಗೆ ಒರಗಿಸಿದ ಒಂದು ಬೆಂಚು. ಬೆಂಚು ಎಷ್ಟು ಗಿಡ್ಡ ಅಂದರೆ ಇಬ್ಬರು ಕೂತರೆ ಮೊಣಕಾಲಿಗೆ ಮೊಣಕಾಲು ತಗಲಲೇಬೇಕು. ಸಿಟ್ಟಾದವನು ಒಂದು ಕಡೆ, ಸಿಟ್ಟು ಬರಿಸಿದವನು ಒಂದು ಕಡೆ.

ಅಜ್ಜ ತಲೆಯೆತ್ತದೆ ಕೇಳುತ್ತಿದ್ದ. "ಯಾರಿಗೆ?"

"ಇವನಿಗೆ."

"ಯಾಕೆ?"

ಯಾಕೆ ಅಂತ ಬಾಯಿಬಿಟ್ಟು ಹೇಳಬೇಕು. ಹಗೆಯವನ ಎದುರಿಗೇ ಹೇಳಬೇಕು. ಹಗೆಯವನು ನಡುವೆ ಬಾಯಿ ಹಾಕಬಹುದು, ಬೈಯಬಹುದು, ಅಳಬಹುದು. ಏಳುವಂತಿಲ್ಲ.

"ಹೆಗಲು ಕೊಡು" ಅನ್ನುತ್ತಿದ್ದ ಅಜ್ಜ, ಹಗೆಯವನಿಗೆ.

ಅರಿಶಿನದಲ್ಲಿ ಅದ್ದಿದ ನೂಲು. ಕುತ್ತಿಗೆಯ ಬುಡದಿಂದ ಹೆಗಲಿನ ಮೂಳೆಗೆ, ಮೂಳೆಯಿಂದ ಮೊಣಕೈಯ ಮಡಿಕೆಗೆ. ಅಲ್ಲೊಂದು ಗಂಟು, ಇಲ್ಲೊಂದು ಗಂಟು. ನೂಲನ್ನು ಗೋಡೆಯ ಮೊಳೆಗೆ ನೇತುಹಾಕಿ ಇಬ್ಬರ ಕೈಗೂ ಬೆಲ್ಲದ ಕಾಪಿ ಕೊಡುತ್ತಿದ್ದ. ಕೊಟ್ಟು, "ಮರ ಒಣಗಲಿ. ಆಮೇಲೆ ಬನ್ನಿ. ಇಬ್ಬರೂ ಬನ್ನಿ" ಅನ್ನುತ್ತಿದ್ದ.

ಯಾರಿಗೆ, ಇವನಿಗೆ, ಯಾಕೆ, ಹೆಗಲು ಕೊಡು, ಮರ ಒಣಗಲಿ. ಇಷ್ಟೇ ಮಾತು. ನಮ್ಮೂರ ಮಕ್ಕಳು ಮಗ್ಗಿಗಿಂತ ಮೊದಲು ಇದನ್ನು ಕಲಿಯುತ್ತಿದ್ದರು. ನನಗೆ ಮಗ್ಗಿ ಇವತ್ತಿಗೂ ಬರಲ್ಲ, ಇದು ಬರುತ್ತೆ.

ಕಟ್ಟಳೆಗೆ ರಿಯಾಯಿತಿ ಇರಲಿಲ್ಲ. ಒಬ್ಬ ಕಬ್ಬಿನವನು ಬಂದು, "ಅಜ್ಜಾ, ನನಗೆ ಯಾರ ಮೇಲೂ ಹಗೆ ಇಲ್ಲ, ಹಂದಿ ಕಬ್ಬು ತಿಂತಾ ಇದೆ" ಅಂದ. "ಹಾಗಾದರೆ ಹಂದಿಯನ್ನ ಕರ್ಕೊಂಡು ಬಾ" ಅಂದ ಅಜ್ಜ. ಪುಣ್ಯಾತ್ಮ ಬಲೆ ಹಾಕಿ ಹಿಡಿದು ತಂದೇಬಿಟ್ಟ. ಹಂದಿಯನ್ನು ಬೆಂಚಿನ ಮೇಲೆ ಕೂರಿಸಿದರು. ಅದು ಅಳತೆಯ ನೂಲನ್ನು ತಿಂದಿತು, ಕಬ್ಬಿನವನ ಪಾಲಿನ ಕಾಪಿಯನ್ನೂ ಕುಡಿಯಿತು. "ಸರಿ, ಮರ ಒಣಗಲಿ, ಇಬ್ಬರೂ ಬನ್ನಿ" ಅಂದ ಅಜ್ಜ, ನಗಲಿಲ್ಲ. ಕಬ್ಬಿನವನು ಹಂದಿಯನ್ನು ಹೊತ್ತುಕೊಂಡು ವಾಪಸು ಹೋಗುವಾಗ ದಾರಿಯುದ್ದಕ್ಕೂ ಅದರ ಹತ್ತಿರ ಅಜ್ಜನನ್ನೇ ಬೈಯುತ್ತಿದ್ದ. ನಾವು ಪಡ್ಡೆ ಹುಡುಗರು ಬೆಲ್ಲದ ಕಾಪಿಯ ಆಸೆಗೆ ಜೋಡಿಯಾಗಿ ಹೋಗಿ ಸುಳ್ಳುಸುಳ್ಳೇ ಹಗೆಯವರಾಗಿ ಕೂರುತ್ತಿದ್ದೆವು. "ಇವನು ನನ್ನ ಬುಗುರಿ ಕದ್ದ, ಅಜ್ಜಾ, ಇವನ ರಕ್ತ ಬೇಕು." ಅಜ್ಜ ಆಗಲೂ ಅಳೆಯುತ್ತಿದ್ದ, ಆಗಲೂ ನೂಲು ನೇತುಹಾಕುತ್ತಿದ್ದ. ಆಮೇಲೆ ಬೀದಿಯಲ್ಲಿ ಕಂಡರೆ, "ಏನ್ರಲಾ, ನಿಮ್ಮ ಮರ ಇನ್ನೂ ಒಂಚೂರು ಹಸಿ" ಅನ್ನುತ್ತಿದ್ದ. ಆಗ ಮಾತ್ರ ನಮ್ಮ ನಗು ನಿಲ್ಲುತ್ತಿತ್ತು.

ಮರ ಒಣಗುವುದು ಅಂದರೆ ಹುಡುಗಾಟ ಅಲ್ಲ. ಒಂದು ಮಳೆ ಬಿದ್ದರೆ ಮತ್ತೆ ಮೊದಲಿನಿಂದ. ಒಣಗಿದ ಮೇಲೆ ಕೆತ್ತನೆ. ಕೆತ್ತಿದ್ದು ಹೆಗಲಿಗೆ ಕೂಡುತ್ತಾ ನೋಡುವುದಕ್ಕೆ ಇಬ್ಬರೂ ಬರಬೇಕು. ಕೂಡದಿದ್ದರೆ ಮತ್ತೆ ಕೆತ್ತನೆ, ಮತ್ತೆ ಇಬ್ಬರೂ. ಅಷ್ಟರೊಳಗೆ ಹಗೆಯವನು ದಪ್ಪಗಾಗಿರುತ್ತಿದ್ದ ಇಲ್ಲವೇ ಸೊರಗಿರುತ್ತಿದ್ದ. ಹಳೆಯ ಗಂಟು ಬಿಚ್ಚಿ ಹೊಸ ಗಂಟು. ಜನ ಬೇಸತ್ತು ಹೋಗುತ್ತಿದ್ದರು. "ಈ ಮುದುಕ ಕೋವಿ ಕೊಡೋ ಹೊತ್ತಿಗೆ ನನ್ನ ಸಿಟ್ಟಿಗೆ ಹಲ್ಲೇ ಉದುರಿಹೋಗಿರುತ್ತೆ" ಅಂತ ಬೈಯುತ್ತಿದ್ದರು. ಹಗೆಯವನು, "ನನಗೂ ಸಾಕಾಯ್ತು ಕಣಯ್ಯ, ದಿನಾ ಬಂದು ಹೆಗಲು ಕೊಡೋದಕ್ಕೆ ನನಗೇನು ಬೇರೆ ಕೆಲಸ ಇಲ್ವಾ" ಅನ್ನುತ್ತಿದ್ದ. ಹೀಗೆ ಇಬ್ಬರೂ ಸೇರಿ ಅಜ್ಜನನ್ನು ಬೈಯುತ್ತಾ ಒಂದೇ ದಾರಿಯಲ್ಲಿ ಮನೆಗೆ ಹೋಗುತ್ತಿದ್ದರು. ಗೋಡೆಯ ತುಂಬಾ ನೂಲು. ಹೊರಗೆ ಹೋದ ಕೋವಿ ಕಡಿಮೆ.

ಅಜ್ಜನ ಕೋವಿಯಿಂದ ಯಾರೂ ಸಾಯಲೇ ಇಲ್ಲ ಅಂತ ಈಗ ಹೇಳುವವರಿದ್ದಾರೆ. ಸುಳ್ಳು. ಸತ್ತಿದ್ದಾರೆ. ಮರ ಒಣಗಿದರೂ ಒಣಗದ ಸಿಟ್ಟು ಇರುತ್ತೆ. ಅಂಥವನಿಗೆ ಅಜ್ಜ ಕೋವಿ ಕೊಟ್ಟೇ ಕೊಡುತ್ತಿದ್ದ. ಕೊಟ್ಟ ದಿನ ಅಂಗಡಿಯ ಬಾಗಿಲು ಹಾಕಿಕೊಂಡು ಒಳಗೆ ಕೂರುತ್ತಿದ್ದ. ಹೆಣ ಹೋಗುವಾಗ ಬಾಗಿಲು ತೆಗೆದು, ಗೋಡೆಯ ಆ ನೂಲನ್ನು ತಂದು ಹೆಣದ ಹೆಗಲ ಮೇಲೆ ಇಡುತ್ತಿದ್ದ. ಅವನನ್ನು ದೇವರು ಮಾಡುವುದು ಬೇಡ. ಅವನು ಕೋವಿ ಮಾರುತ್ತಿದ್ದ.

ಅಜ್ಜ ಒಂದು ದಿನ ಕೆತ್ತುತ್ತಾ ಕೆತ್ತುತ್ತಾ ಉಳಿಯ ಮೇಲೆ ಕೈಯಿಟ್ಟುಕೊಂಡೇ ಸತ್ತ. ಅಂಗಡಿಗೆ ಬೀಗ ಬಿತ್ತು. ಬೆಂಚನ್ನು ಯಾರೋ ಎಮ್ಮೆ ಕಟ್ಟುವುದಕ್ಕೆ ಒಯ್ದರು.

ಆಮೇಲೆ ಸೇತುವೆಯ ತಲೆಗೆ ಕಿಟಕಿ ಅಂಗಡಿ ಬಂತು. ಬಾಗಿಲಿಲ್ಲ, ಒಂದೇ ಕಿಟಕಿ. ಕಿಟಕಿಯಿಂದ ಒಂದು ಕೈ. ನೀವು ಕೈ ಚಾಚಿದರೆ ಆ ಕೈಯಿಂದ ನಿಮ್ಮ ಕೈಗೆ ಒಂದು ಗಿಡ್ಡ ಕೋವಿ. ಅದಕ್ಕೆ ಹಿಡಿಯೇ ಇಲ್ಲ, ಹೆಗಲೂ ಬೇಡ. ಅಂಗೈಯಲ್ಲಿ ಕೂರುವಂಥದು. ಗುಂಡನ್ನೂ ತುಂಬಿಕೊಂಡೇ ಬರುತ್ತಿತ್ತು. ಕಿಟಕಿಯವ ಯಾರಿಗೆ ಅಂತ ಕೇಳುತ್ತಿರಲಿಲ್ಲ. ಯಾಕೆ ಅಂತಲಂತೂ ಕೇಳುತ್ತಲೇ ಇರಲಿಲ್ಲ. ಊರಿನವರು ಮೊದಮೊದಲು ಕುಣಿದರು. "ಎಷ್ಟು ಸಲೀಸು ಮಾರಾಯ" ಅಂದರು. ಬೆಳಿಗ್ಗೆ ಸಿಟ್ಟು, ಮಧ್ಯಾಹ್ನ ಹೆಣ. ಆಮೇಲೆ ಹೆಣ ಹೊರುವವರ ಹೆಗಲು ಹುಣ್ಣಾಗತೊಡಗಿತು. ಊರಿನವರ ಹೆಗಲು ಅಳೆಯುವವರಿಲ್ಲದೆ ಹೋಯಿತು, ಹೊರುವುದಕ್ಕೆ ಮಾತ್ರ ಬೇಕಾಯಿತು.

ಆಗ ಶುರುವಾಯಿತು ನೆನಪು.

ಸಂಜೆಯಾದರೆ ಚಾವಡಿಯಲ್ಲಿ ಊರ ಯಜಮಾನ ಕೂತು, "ಆ ಅಂಗಡಿ ಇತ್ತು ನೋಡ್ರಪ್ಪ..." ಅನ್ನುತ್ತಿದ್ದ. ಅಷ್ಟೇ ಸಾಕು. ಒಬ್ಬ ಎಣ್ಣೆಯ ವಾಸನೆ ಅನ್ನುತ್ತಿದ್ದ, ಎಲ್ಲರೂ ಮೂಗು ಅರಳಿಸುತ್ತಿದ್ದರು. ಒಬ್ಬ ಬೆಲ್ಲದ ಕಾಪಿ ಅನ್ನುತ್ತಿದ್ದ, ಎಲ್ಲರೂ ತುಟಿ ನೆಕ್ಕುತ್ತಿದ್ದರು. ಜಿಂಕೆಯ ಕೊಂಬು ಎಡಗಡೆಯಿತ್ತೋ ಬಲಗಡೆಯಿತ್ತೋ ಅಂತ ಜಗಳವಾಗಿ ಒಬ್ಬ ಎದ್ದುಹೋಗಿ ಕಿಟಕಿಯಿಂದ ಕೋವಿ ತಂದ. ಕೊಂಬು ಎಡಗಡೆ ಅಂದವನು ಸತ್ತ. ಮಾರನೆಯ ಸಂಜೆ ಮತ್ತೆ ಚಾವಡಿ, ಮತ್ತೆ "ಆ ಅಂಗಡಿ ಇತ್ತು ನೋಡ್ರಪ್ಪ..."

ಈಗ ಬಳೆಗಾರ್ತಿಯ ಮಾತು. ಇದು ಅವಳ ಕಥೆ, ನಾನು ಹಂದಿ ಗಿಂದಿ ಅಂತ ಊರೆಲ್ಲಾ ಸುತ್ತಿಸಿದೆ.

ಬಳೆಗಾರ್ತಿ ಮನೆಮನೆಗೆ ಹೋಗಿ ಬಳೆ ತೊಡಿಸುವವಳು. ಅವಳ ಗಂಡ ಸುಣ್ಣಗಾರ, ಗೂಡಿನಲ್ಲಿ ಬೆಂಕಿ ಹಾಕಿ ಹೊಳೆಯ ಚಿಪ್ಪು ಸುಟ್ಟು ಸುಣ್ಣ ಮಾಡುವವನು. ಅವಳ ತಮ್ಮ ದೋಣಿಯವ. ಗಂಡ ಸುಟ್ಟ ಸುಣ್ಣವನ್ನು ತಮ್ಮ ದೋಣಿಯಲ್ಲಿ ಹೊಳೆಯ ಕೆಳಗಿನ ಊರುಗಳಿಗೆ ಒಯ್ಯುತ್ತಿದ್ದ. ಊಟ ಮೂವರದೂ ಒಂದೇ ಒಲೆಯದು. ಒಂದು ದಿನ ನಡುಹೊಳೆಯಲ್ಲಿ ದೋಣಿಯ ತಳದಿಂದ ನೀರು ಜಿನುಗಿ ಸುಣ್ಣದ ಚೀಲಕ್ಕೆ ತಾಗಿತು. ಸುಟ್ಟ ಸುಣ್ಣ ನೀರು ಕುಡಿದರೆ ಏನಾಗುತ್ತೆ ಗೊತ್ತಲ್ಲ. ಕುದಿಯಿತು, ಹೊಗೆಯಾಡಿತು, ದೋಣಿಯ ಹಲಗೆಗೆ ಬೆಂಕಿ ಹಿಡಿಯಿತು. ನೀರಿನ ನಡುವೆ ನೀರಿನಿಂದಲೇ ಹೊತ್ತಿದ ಬೆಂಕಿ. ದೋಣಿಯವ ಹಾರಿ ಈಜಿ ಬಂದ, ಅಂಗಾಲು ಸುಟ್ಟುಕೊಂಡಿದ್ದ.

"ನಿನ್ನ ಸುಣ್ಣ ನನ್ನ ದೋಣಿ ತಿಂತು, ಭಾವ. ಚೀಲ ಸರಿಯಾಗಿ ಕಟ್ಟೋಕೆ ಏನು ರೋಗ ನಿನಗೆ?"

"ನಿನ್ನ ದೋಣಿ ನನ್ನ ಸುಣ್ಣ ಕುಡೀತು ಕಣೋ. ತಳಕ್ಕೆ ರಾಳ ಬಳಿಯೋಕೆ ನಿನಗೇನು ಕೈ ಇರಲಿಲ್ವಾ?"

"ಅಕ್ಕನ್ನ ಕೊಟ್ಟ ಮೇಲೆ ನಿನ್ನ ಸುಣ್ಣಾನೂ ಹೊರಬೇಕಿತ್ತಾ ನಾನು?"

"ಹೊರಬೇಡ. ನಿನ್ನ ಮುಖ ನೋಡಿದರೆ ನನ್ನ ಗೂಡು ಆರಿಹೋಗುತ್ತೆ."

ಒಲೆ ಎರಡಾಯಿತು. ಬಳೆಗಾರ್ತಿ ಎರಡೂ ಒಲೆ ಹಚ್ಚುತ್ತಿದ್ದಳು, ಎರಡು ಕಡೆಯೂ ಬಡಿಸುತ್ತಿದ್ದಳು, ತಾನು ಎರಡು ಕಡೆಯೂ ಉಣ್ಣುತ್ತಿರಲಿಲ್ಲ. ಒಂದು ಮಧ್ಯಾಹ್ನ ಗಂಡ ಸೇತುವೆಯ ಕಡೆ ನಡೆದದ್ದನ್ನು ಅವಳು ಬಳೆ ತೊಡಿಸುತ್ತಿದ್ದ ಮನೆಯ ಜಗಲಿಯಿಂದ ಕಂಡಳು. ಅರ್ಧ ತೊಡಿಸಿದ ಬಳೆಯನ್ನು ಹಾಗೇ ಬಿಟ್ಟು ಓಡಿದಳು. ಕಿಟಕಿಯ ಹತ್ತಿರ ಗಂಡನ ಚಾಚಿದ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

"ಬಿಡೇ."

"ಬಿಡಲ್ಲ. ಅಜ್ಜನ ಅಂಗಡಿ ಇದ್ದಿದ್ದರೆ ಹೀಗೆ ಒಬ್ಬರೇ ಬರ್ತಿದ್ರಾ? ಅವನನ್ನ ಕರ್ಕೊಂಡು ಬರಬೇಕಿತ್ತು ತಾನೇ?"

"ಅಜ್ಜ ಸತ್ತ."

"ಅಂಗಡಿ ಸತ್ತಿಲ್ಲ."

ಅವಳು ಅಲ್ಲಿಂದ ಗಂಡನನ್ನು ಎಳೆದುಕೊಂಡೇ ಸೀದಾ ಚಾವಡಿಗೆ ಬಂದಳು. ಹೆಂಗಸರು ಚಾವಡಿ ಹತ್ತುವ ಪದ್ಧತಿಯಿಲ್ಲ, ಹತ್ತಿದಳು. "ಯಜಮಾನ್ರೇ, ದಿನಾ ಸಂಜೆ ಕೂತು ಆ ಅಂಗಡಿ ಈ ಅಂಗಡಿ ಅಂತೀರಲ್ಲ, ಬೀಗ ತೆಗೀರಿ. ನನ್ನ ಗಂಡನ್ನ, ನನ್ನ ತಮ್ಮನ್ನ ಆ ಬೆಂಚಿನ ಮೇಲೆ ಕೂರಿಸ್ತೀನಿ. ಮೊಣಕಾಲಿಗೆ ಮೊಣಕಾಲು ತಾಗಲಿ. ಇಬ್ಬರೂ ನನಗೆ ಜೀವಂತ ಬೇಕು. ಇನ್ನೇನೂ ಬೇಡ."

ಊರು ಎಂದೂ ಅಷ್ಟು ಒಂದಾಗಿರಲಿಲ್ಲ. ಬೀಗ ಒಡೆದರು. ಕಸ ಗುಡಿಸಿದರು. ಎಮ್ಮೆಯ ಹತ್ತಿರದಿಂದ ಬೆಂಚನ್ನು ಬಿಡಿಸಿ ತಂದು ತೊಳೆದರು. ತಕ್ಕಡಿಗೆ ಹುಣಸೆಹಣ್ಣು ಹಾಕಿ ಉಜ್ಜಿದರು. ಎಣ್ಣೆಯ ವಾಸನೆ ಬರಲಿ ಅಂತ ಗೋಡೆಗೇ ಎಣ್ಣೆ ಹಚ್ಚಿದರು. ಮರದ ಹೊಟ್ಟನ್ನು ಬೇರೆ ಊರಿನ ಬಡಗಿಯ ಅಂಗಳದಿಂದ ಚೀಲದಲ್ಲಿ ತಂದು ನೆಲಕ್ಕೆ ಚೆಲ್ಲಿದರು. ಜಿಂಕೆಯ ಕೊಂಬನ್ನು ಜಗಳವೇ ಬೇಡವೆಂದು ಎರಡೂ ಕಡೆ ಹಾಕಿದರು. ಅಜ್ಜನ ಜಾಗಕ್ಕೆ ಯಾರು? ಕಿಟಕಿಯವನನ್ನೇ ಕರೆದರು. ಕೋವಿ ಇರುವುದು ಅವನ ಹತ್ತಿರ ತಾನೇ? ಅವನೂ ಒಪ್ಪಿದ. ಅವನ ಮುಖವನ್ನು ನಾವು ಅವತ್ತೇ ಮೊದಲು ಕಂಡದ್ದು. ಅಲ್ಲಿಯವರೆಗೆ ಅವನು ಬರೀ ಒಂದು ಕೈ. ಮುಖ ನೋಡಿದರೆ ಪಾಪದವನು. ತಲೆಗೆ ಅಜ್ಜನ ಟೋಪಿ ಇಟ್ಟು ಮಾತು ಕಲಿಸಿದರು: ಯಾರಿಗೆ, ಯಾಕೆ, ಹೆಗಲು ಕೊಡು.

ಎಲ್ಲವೂ ಇತ್ತು. ಹೊಸದಾಗಿ ಒಳಗೆ ಹೋದವರು ಕಣ್ಣೊರೆಸಿಕೊಂಡು ಹೊರಗೆ ಬರುತ್ತಿದ್ದರು. "ಅದೇ ವಾಸನೆ, ಅದೇ ವಾಸನೆ" ಅನ್ನುತ್ತಿದ್ದರು. ಯಜಮಾನನಂತೂ ಬಾಗಿಲಿಗೆ ಬೇಕೆಂದೇ ಹಣೆ ಹೊಡೆದುಕೊಂಡು ಖುಷಿಪಟ್ಟ.

ಅವತ್ತು ಸಂಜೆ ಬಳೆಗಾರ್ತಿ ಒಂದು ಕೈಯಲ್ಲಿ ಗಂಡನನ್ನು, ಇನ್ನೊಂದು ಕೈಯಲ್ಲಿ ತಮ್ಮನನ್ನು ಹಿಡಿದುಕೊಂಡು ಬಂದಳು. ಹಿಂದೆ ಊರೆಲ್ಲ. ಅವಳು ಒಂದೇ ಒಲೆಯಲ್ಲಿ ಅಡುಗೆ ಮಾಡಿಟ್ಟು ಬಂದಿದ್ದಳು. ಮೂರು ಎಲೆ ಹಾಕಿಟ್ಟು ಬಂದಿದ್ದೀನಿ ಅಂತ ದಾರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿದಳು. ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದಳು. ಮೊಣಕಾಲಿಗೆ ಮೊಣಕಾಲು ತಾಗಿತು. ಊರು ನಿಟ್ಟುಸಿರುಬಿಟ್ಟಿತು.

"ಯಾರಿಗೆ?" ಅಂದ ಕಿಟಕಿಯವ.

"ಇವನಿಗೆ" ಅಂದ ಸುಣ್ಣಗಾರ.

"ಯಾಕೆ?"

ಸುಣ್ಣಗಾರ ಹೇಳಿದ. ದೋಣಿಯವ ನಡುವೆ ಬಾಯಿ ಹಾಕಿದ. ಇವನು ಚೀಲ ಅಂದ, ಅವನು ರಾಳ ಅಂದ. ಇವನು ಬಾಮೈದ ಅಂದದ್ದು ಬೈಗುಳದ ಹಾಗೆ ಕೇಳಿಸಿತು, ಅವನು ಭಾವ ಅಂದದ್ದು ಉಗಿದ ಹಾಗೆ ಕೇಳಿಸಿತು. ನಾವೆಲ್ಲ ಬಾಗಿಲಲ್ಲಿ ತಲೆಮೇಲೆ ತಲೆಯಿಟ್ಟು ನೋಡುತ್ತಿದ್ದೆವು. ಹಳೆಯ ಬೆಂಚಿನಲ್ಲೂ ಹೀಗೇ ಆಗುತ್ತಿತ್ತು. ಬಳೆಗಾರ್ತಿ ನಗುತ್ತಿದ್ದಳು. ಎಷ್ಟೋ ದಿನದ ಮೇಲೆ ಅವರಿಬ್ಬರು ಒಬ್ಬರಿಗೊಬ್ಬರು ಮಾತಾಡಿದ್ದು.

"ಹೆಗಲು ಕೊಡು."

ದೋಣಿಯವ ಹೆಗಲು ಕೊಟ್ಟ. ಹುಟ್ಟು ಹಾಕಿ ಹಾಕಿ ಗಟ್ಟಿಯಾದ ಹೆಗಲು. ಅರಿಶಿನದ ನೂಲು ಬಂತು, ಗಂಟು ಬಿತ್ತು, ನೂಲು ಮೊಳೆಗೆ ಏರಿತು. ಕಾಪಿ ಬಂತು. ಇಬ್ಬರೂ ಕುಡಿದರು. ಬೆಲ್ಲ ಸ್ವಲ್ಪ ಹೆಚ್ಚಾಗಿತ್ತು ಅಂತ ದೋಣಿಯವ ಅಂದ. ಸುಣ್ಣಗಾರ ಹೌದು ಅನ್ನುವ ಹಾಗೆ ಅರ್ಧ ತಲೆಯಾಡಿಸಿದ. ಬಳೆಗಾರ್ತಿ ಆ ಅರ್ಧ ತಲೆಯಾಡಿಸಿದ್ದನ್ನು ಕಂಡಳು. ನಾನೂ ಕಂಡೆ.

ಕಾಪಿ ಮುಗಿಯಿತು. ಕಿಟಕಿಯವ ಎಲ್ಲರ ಮುಖ ನೋಡಿದ. "ಮುಂದೆ?"

ಯಜಮಾನ ಪಕ್ಕದವನ ಮುಖ ನೋಡಿದ. ಪಕ್ಕದವನು ಅವನ ಪಕ್ಕದವನ ಮುಖ ನೋಡಿದ. ವಾಸನೆ ನೆನಪಿತ್ತು, ಟೋಪಿ ನೆನಪಿತ್ತು, ತಕ್ಕಡಿ ನೆನಪಿತ್ತು. ಕಾಯುವುದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅದನ್ನು, ಮಕ್ಕಳಾಗಿ ಕಲಿತ ಆ ಕೊನೆಯ ಮಾತನ್ನೇ, ನಾವು ಅಜ್ಜ ಇದ್ದಾಗಲೇ ಬೈದು ಬೈದು ಮರೆತಿದ್ದೆವು. ಚಾವಡಿಯಲ್ಲಿ ಅಷ್ಟು ಸಂಜೆ ಕೂತು ಒಬ್ಬನಾದರೂ "ಆ ಕಾಯುವುದಿತ್ತು ನೋಡ್ರಪ್ಪ" ಅಂದದ್ದಿಲ್ಲ. ನೂಲು ಅಳತೆಗೆ ಅನ್ನುವುದೂ ಮರೆತಿತ್ತು. ನೂಲು ಇದ್ದರೆ ಚೆಂದ ಅಂತ ಇಟ್ಟಿದ್ದೆವು.

"ಮುಂದೆ ಏನು... ಕೋವಿ ಕೊಡೋದು" ಅಂದ ಯಜಮಾನ.

ಕಿಟಕಿಯವ ಕೊಟ್ಟ. ಗಿಡ್ಡದು, ತುಂಬಿದ್ದು, ಅಂಗೈಯಲ್ಲಿ ಕೂರುವಂಥದು.

"ಹಿಡ್ಕೊಳೋಕೆ ಬರುತ್ತಾ, ಭಾವ? ಅದು ಸುಣ್ಣ ಕಲಸೋ ಕೋಲಲ್ಲ" ಅಂದ ದೋಣಿಯವ. ತಮಾಷೆಗೇ ಅಂದ. ಬಾಯಲ್ಲಿ ಇನ್ನೂ ಬೆಲ್ಲದ ಸಿಹಿ ಇತ್ತು.

ಬಳೆಗಾರ್ತಿ ಒಂದು ಹೆಜ್ಜೆ ಮುಂದೆ ಬಂದಳು. ಬೆಂಚು ಅಷ್ಟು ಗಿಡ್ಡ. ಗುರಿ ತಪ್ಪುವುದಕ್ಕೆ ಜಾಗವೇ ಇರಲಿಲ್ಲ.

ಸದ್ದು ಅಡಗಿದ ಮೇಲೆ ಮೊದಲು ಮಾತಾಡಿದ್ದು ಸುಣ್ಣಗಾರ. "ಯಾರು ಹೊಡೆದದ್ದು?" ಅಂದ. ಅವನ ಮೊಣಕಾಲು ಇನ್ನೂ ಬಾಮೈದನ ಮೊಣಕಾಲಿಗೆ ತಾಗಿಕೊಂಡೇ ಇತ್ತು. ಬಾಗಿಲಿನ ಗುಂಪಿನಲ್ಲಿ ಒಬ್ಬ ಮುದುಕ, ದೇವರಾಣೆ ನಾನು ಸುಳ್ಳು ಹೇಳುತ್ತಿಲ್ಲ, ಮದ್ದಿನ ಹೊಗೆಯನ್ನು ಮೂಗಿಗೆಳೆದುಕೊಂಡು, "ಈಗ ಸರಿಯಾಯ್ತು ನೋಡು ವಾಸನೆ" ಅಂದ.

ದೋಣಿಯವನನ್ನು ಹೊಳೆದಡದಲ್ಲಿ ಮಣ್ಣು ಮಾಡಿದರು. ಬಳೆಗಾರ್ತಿ ಅಳಲಿಲ್ಲ. ಮನೆಗೆ ಹೋಗಿ ಹಾಕಿಟ್ಟ ಎಲೆಗಳನ್ನು ದನಕ್ಕೆ ಹಾಕಿದಳು. ಸುಣ್ಣಗಾರ ಗೂಡಿನ ಬಾಯಲ್ಲಿ ಕೂತ. ಬೆಂಕಿ ಹಚ್ಚಲಿಲ್ಲ, ಎದ್ದೂ ಬರಲಿಲ್ಲ. ಊರಿನವರು ಅಂಗಡಿಗೆ ಮತ್ತೆ ಬೀಗ ಹಾಕಬೇಕು ಅಂತ ಕೂಡಿದರು. ಅಷ್ಟರಲ್ಲಿ ಬಳೆಗಾರ್ತಿ ಬಂದು ತಲೆ ಬಗ್ಗಿಸಿ ಒಳಗೆ ಹೋಗಿ ಬೆಂಚಿನ ಮೇಲೆ ಕೂತಳು.

"ಕೋವಿ ಬೇಕು" ಅಂದಳು.

ಕಿಟಕಿಯವನ ತಲೆಯ ಮೇಲೆ ಟೋಪಿ ಇನ್ನೂ ಇತ್ತು. ಭಯಕ್ಕೆ ತೆಗೆಯುವುದನ್ನು ಮರೆತಿದ್ದ. "ಯಾ... ಯಾರಿಗೆ, ತಾಯಿ?"

"ಊರಿಗೆ."

ಯಜಮಾನ ಬಾಗಿಲಿಂದ, "ಯಾವ ಊರಿಗೆ ಕಳಿಸ್ಬೇಕಮ್ಮಾ?" ಅಂದ. ಅವನು ನಿಜವಾಗಿಯೂ ತಿಳಿಯದೆ ಕೇಳಿದ.

"ಈ ಊರಿನವರೆಲ್ಲರ ಮೇಲೆ ಸಿಟ್ಟು ನನಗೆ. ಎಣ್ಣೆ ಹಚ್ಚಿದವರ ಮೇಲೆ, ಬೆಂಚು ತೊಳೆದವರ ಮೇಲೆ, ಟೋಪಿ ಇಟ್ಟವರ ಮೇಲೆ, ಕೋವಿ ಕೊಡು ಅಂದ ನಿಮ್ಮ ಮೇಲೆ, ಕೊಟ್ಟ ಇವನ ಮೇಲೆ, ಹೊಡೆದ ಅವರ ಮೇಲೆ, ಬಾಗಿಲಲ್ಲಿ ನಿಂತು ನೋಡಿದವರ ಮೇಲೆ. ಕರ್ಕೊಂಡು ಬಂದ ನನ್ನ ಮೇಲೂ. ಕಟ್ಟಳೆ ಇದೆ ತಾನೇ? ಎಲ್ಲರೂ ಬನ್ನಿ. ಹೆಗಲು ಕೊಡಿ."

ಕಿಟಕಿಯವ ಗಿಡ್ಡ ಕೋವಿ ಮುಂದೆ ಹಿಡಿದ. ಅವಳು ಅದನ್ನು ನೋಡಲೂ ಇಲ್ಲ.

"ಹಿಡಿ ಇರೋದು ಬೇಕು. ಮರದ್ದು. ಒಂದೇ ಕೋವಿ, ಒಂದೇ ಹಿಡಿ. ಎಲ್ಲರ ಹೆಗಲಿಗೂ ಕೂಡಬೇಕು. ಒಬ್ಬರಿಗೆ ಕೂಡದಿದ್ದರೂ ನಾನು ತಗೊಳ್ಳಲ್ಲ."

"ನನಗೆ ಕೆತ್ತೋಕೆ ಬರಲ್ಲ, ತಾಯಿ."

"ಕಲಿ."

"ಮರ ಹಸಿ ಇದೆ."

"ಒಣಗಲಿ. ಕಾಯ್ತೀನಿ."

ಕಾಯ್ತೀನಿ. ಯಜಮಾನನ ಬಾಯಿ ತೆರೆದು ಹಾಗೇ ನಿಂತಿತು. ಅವನಿಗೆ ಆಗ ನೆನಪಾಯಿತು. ಎಲ್ಲರಿಗೂ ಆಗಲೇ ನೆನಪಾಯಿತು.

ಬೇಡ ಅನ್ನುವುದಕ್ಕೆ ಆಗಲಿಲ್ಲ. ಕಟ್ಟಳೆ ಬೇಕು ಅಂತ ಕೂಗಿದವರು ನಾವೇ. ಸಾಲು ನಿಂತೆವು. ಮೊದಲು ಗೂಡಿನ ಬಾಯಿಂದ ಸುಣ್ಣಗಾರನನ್ನು ಕರೆತಂದಳು. ಅವನು ಬೆಂಚಿನ ಮೇಲೆ ಅವಳ ಪಕ್ಕ ಕೂತು ಹೆಗಲು ಕೊಟ್ಟ, ಅವಳ ಕಡೆ ತಿರುಗಲಿಲ್ಲ. ಆಮೇಲೆ ಯಜಮಾನ. ಆಮೇಲೆ ಕ್ಷೌರಿಕ, ಮೇಷ್ಟ್ರು, ನೀರು ಹೊರುವವಳು, ವಾಸನೆ ಸರಿಯಾಯಿತು ಅಂದ ಆ ಮುದುಕ. ಒಬ್ಬೊಬ್ಬರೂ ಅವಳ ಪಕ್ಕ ಕೂರಬೇಕು. ಒಬ್ಬೊಬ್ಬರ ಮೊಣಕಾಲೂ ಅವಳ ಮೊಣಕಾಲಿಗೆ ತಾಗಬೇಕು. "ಯಾಕೆ?" ಅಂತ ಕಿಟಕಿಯವ ಕೇಳುತ್ತಾನೆ. ಅವಳು ಒಬ್ಬೊಬ್ಬರಿಗೂ ಯಾಕೆ ಅಂತ ಬೇರೆಬೇರೆಯಾಗಿ ಹೇಳುತ್ತಾಳೆ, ಮೆಲ್ಲಗೆ, ಬಳೆ ತೊಡಿಸುವಾಗ ಮಾತಾಡುತ್ತಿದ್ದ ಹಾಗೆ. ನನಗೆ ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ.

ಕೆತ್ತನೆ ಈಗಲೂ ನಡೆಯುತ್ತಿದೆ. ಯಜಮಾನನ ಅಗಲ ಹೆಗಲಿಗೆ ಕೂಡಿದರೆ ಮೇಷ್ಟ್ರ ಕಡ್ಡಿ ಹೆಗಲಿಗೆ ಕೂಡುವುದಿಲ್ಲ. ಮೇಷ್ಟ್ರಿಗೆ ಅಂತ ಕೆತ್ತಿದರೆ ಯಜಮಾನನಿಗೆ ಚುಚ್ಚುತ್ತೆ. ಮರ ಸವೆದು ಸೀಳುತ್ತೆ. ಹೊಸ ಮರ ತರುತ್ತಾರೆ. ಹಸಿ ಮರ. ಒಣಗಬೇಕು. ಕಿಟಕಿಯವನ ಬೆರಳಿನ ತುದಿಯೆಲ್ಲ ಗಾಯ. ಸೇತುವೆಯ ಕಿಟಕಿಗೆ ಈಗ ಹಲಗೆ ಹೊಡೆದಿದ್ದಾರೆ, ಅವನಿಗೆ ಅಲ್ಲಿಗೆ ಹೋಗುವುದಕ್ಕೆ ಪುರುಸೊತ್ತಿಲ್ಲ. ಊರಿನವರಿಗೂ ಬೇರೆ ಸಿಟ್ಟಿಗೆ ಪುರುಸೊತ್ತಿಲ್ಲ; ಯಾವಾಗ ಕರೆದರೂ ಹೋಗಿ ಹೆಗಲು ಕೊಡಬೇಕು. ಯಾರಾದರೂ ಸತ್ತರೆ, ತಾನಾಗೇ ಸತ್ತರೆ, ಎಲ್ಲರೂ ಹೆದರುತ್ತಾರೆ. ಒಂದು ಹೆಗಲು ಕಡಿಮೆಯಾಯಿತು, ಹಿಡಿ ಕೂಡುವುದಕ್ಕೆ ಒಂದು ಹೆಜ್ಜೆ ಹತ್ತಿರವಾಯಿತು ಅಂತ. ಮುದುಕರಿಗೆ ನಾವು ತುತ್ತು ಮಾಡಿ ಉಣ್ಣಿಸುತ್ತೇವೆ. ಯಾರಿಗೂ ಜ್ವರ ಬರಗೊಡುವುದಿಲ್ಲ.

ಬಳೆಗಾರ್ತಿ ಪ್ರತಿದಿನ ಬರುತ್ತಾಳೆ. "ಆಯ್ತಾ?" ಅನ್ನುತ್ತಾಳೆ. "ಇನ್ನೂ ಇಲ್ಲ, ತಾಯಿ" ಅನ್ನುತ್ತಾನೆ ಕಿಟಕಿಯವ. ಅವಳು ಕೂತು ಕಾಪಿ ಕುಡಿದು ಹೋಗುತ್ತಾಳೆ. ಅವಳ ಸಿಟ್ಟು ಆರಿದೆಯೋ ಇಲ್ಲವೋ ಅಂತ ಮುಖ ನೋಡಿ ಹೇಳುವುದಕ್ಕೆ ಯಾರಿಗೂ ಧೈರ್ಯವಿಲ್ಲ.

ನಿನ್ನೆ ನೀರು ಹೊರುವವಳಿಗೆ ಮಗು ಹುಟ್ಟಿತು. ಊರೆಲ್ಲ ಬೀದಿಗೆ ಬಂದು ಕುಣಿಯಿತು. ಹೊಸ ಹೆಗಲು! ಯಜಮಾನ ತಾನೇ ಮಗುವನ್ನು ಎತ್ತಿಕೊಂಡು, ಹಿಂದೆ ತಾಯಿ, ಅವಳ ಹಿಂದೆ ನಾವೆಲ್ಲ, ಅಂಗಡಿಗೆ ಹೋದೆವು. ಬಳೆಗಾರ್ತಿ ಬೆಂಚಿನ ಮೇಲಿದ್ದಳು. ಮಗುವನ್ನು ಅವಳ ತೊಡೆಯ ಮೇಲೆ ಇಟ್ಟರು. ಕಿಟಕಿಯವ, "ಯಾಕೆ?" ಅಂತ ಕೇಳಬೇಕು. ಕೇಳಿದ.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಅಷ್ಟು ಹೊತ್ತು ಅವಳು ಯಾರಿಗೂ ಸುಮ್ಮನಿದ್ದದ್ದಿಲ್ಲ. ಯಾಕೆ ಅಂತ ಹೇಳಲಾಗದಿದ್ದರೆ ಮಗುವಿನ ಹೆಗಲು ಲೆಕ್ಕಕ್ಕಿಲ್ಲ. ಹೆಗಲು ಲೆಕ್ಕಕ್ಕಿಲ್ಲದಿದ್ದರೆ ಹಿಡಿ ಬೇಗ ಆಗುತ್ತೆ. ಯಜಮಾನ ಕೈ ಮುಗಿದು ಬೇಡಿಕೊಂಡ. "ಏನಾದರೂ ಹೇಳಮ್ಮಾ. ಇದರ ಮೇಲೂ ಸಿಟ್ಟು ಅನ್ನು. ನಿನ್ನ ಕಾಲಿಗೆ ಬೀಳ್ತೀನಿ."

ಹೆತ್ತವಳೂ ಕೈ ಮುಗಿದಳು. "ಹೂಂ ಅನ್ನಕ್ಕಾ. ನನ್ನ ಕೂಸಿನ ಮೇಲೂ ಸಿಟ್ಟು ಅನ್ನು."

ಬಳೆಗಾರ್ತಿ ಮಗುವಿನ ಹೆಗಲನ್ನು ಹೆಬ್ಬೆರಳಿಂದ ಮುಟ್ಟಿ ನೋಡಿದಳು. ನಮ್ಮೆಲ್ಲರ ಮುಖವನ್ನೂ ಒಂದು ಸಲ ನೋಡಿದಳು.

"ಇಂಥಾ ಊರಿಗೆ ಯಾಕೆ ಬಂತು ಇದು" ಅಂದಳು.

ಕಿಟಕಿಯವ ನೂಲು ಹಿಡಿದು ಮುಂದೆ ಬಂದ.